ಹೆದೆಗೆ ಎಷ್ಟು ಎಳೆ? ಬಿಲ್ಲು, ದಾರ, ನಾಕ್ ನೋಡಿ ಲೆಕ್ಕ ಹಾಕುವ ಬಗೆ

ಕಲಬುರಗಿ ಕಡೆ ಬಿಲ್ಲು ಹಿಡಿದ ಹುಡುಗರು ಹೆದೆ ಕಟ್ಟಲು ಕೂತರೆ ಮೊದಲು ಕೇಳುವುದು ಒಂದೇ ಮಾತು: “ಸರ್, ಎಷ್ಟ್ ಎಳಿ ಹಾಕಬೇಕ್ರಿ?” ಹಾಗೆ ಕೇಳುವಾಗ ಮನಸ್ಸಿನಲ್ಲಿರುವುದು ಹೆದೆ ಹರಿದೀತು ಎಂಬ ಭಯ. ಅದಕ್ಕೇ ನಾಲ್ಕೆಳೆ ಜಾಸ್ತಿ ಸುತ್ತಿಬಿಡುತ್ತಾರೆ. ಆಮೇಲೆ ಬಾಣ ಹೆದೆಗೆ ಕೂರುವುದೇ ಇಲ್ಲ ಅಂತ ಬ್ಲೇಡ್ ಹಿಡಿದು ನಾಕ್‌ನ (ಬಾಣದ ಹಿಂತುದಿಯಲ್ಲಿ ಹೆದೆಗೆ ಸಿಕ್ಕುವ ಸೀಳಿನ ತುಂಡು) ಪ್ಲಾಸ್ಟಿಕ್ ಕೆರೆಯುತ್ತಾ ಕೂರುತ್ತಾರೆ.

ಬಲದ ಲೆಕ್ಕ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಅಲ್ಲಿ ಬರುವ ಉತ್ತರ ಯಾವಾಗಲೂ ತೀರಾ ಸಣ್ಣದು. ಎಳೆ ಎಷ್ಟಿರಬೇಕು ಎಂದು ಕೊನೆಗೆ ತೀರ್ಮಾನಿಸುವುದು ಬಾಣದ ಹಿಂಬದಿಯ ನಾಕ್. ಹಾಗಾಗಿ ಹೆದೆ ಸುತ್ತುವ ಮೊದಲು ಬಿಲ್ಲು, ದಾರ, ನಾಕ್ ಮೂರನ್ನೂ ಎದುರಿಗೆ ಇಟ್ಟುಕೊಳ್ಳಿ.

ಮೊದಲು ಬಿಲ್ಲಿನ ಪೌಂಡ್ ತಿಳಿಯಿರಿ

ತುದಿ ಹೊರಕ್ಕೆ ಬಾಗಿದ ರಿಕರ್ವ್ ಬಿಲ್ಲಿನ ಲಿಂಬ್ (ಹಿಡಿಯ ಮೇಲೂ ಕೆಳಗೂ ಬಾಗುವ ತೋಳು) ಮೇಲೆ 66-34 ಎಂದು ಬರೆದಿದ್ದರೆ ಬಿಲ್ಲು 66 ಇಂಚಿನದು, 28 ಇಂಚು ಎಳೆಯಲು 34 ಪೌಂಡ್ ಬಲ ಬೇಕು ಎಂದರ್ಥ. ನಿಮ್ಮ ಕೈ ಅಷ್ಟು ಎಳೆಯದೇ ಇರಬಹುದು. ಇಂಚಿಗೆ ಸುಮಾರು 2 ಪೌಂಡ್ ಹೆಚ್ಚು ಕಡಿಮೆ ಎಂದು ಲೆಕ್ಕ ಹಿಡಿದರೆ ಸಾಕು. 26 ಇಂಚು ಎಳೆಯುವವರಿಗೆ ಅದೇ ಬಿಲ್ಲು 30 ಪೌಂಡ್ ಆಸುಪಾಸು.

ಬಿದಿರಿನ ಬಿಲ್ಲಿನ ಮೇಲೆ ಬಹಳ ಸಲ ಏನೂ ಬರೆದಿರುವುದಿಲ್ಲ. ಸಾಮಾನು ತೂಗುವ ಕೊಕ್ಕೆ ತಕ್ಕಡಿ ತನ್ನಿ. ಕೊಕ್ಕೆಯನ್ನು ಹೆದೆಯ ನಡುವಿಗೆ ಸಿಕ್ಕಿಸಿ, ನೀವು ಬಾಣ ಬಿಡುವಾಗ ಎಳೆಯುವಷ್ಟೇ ದೂರ ನಿಧಾನಕ್ಕೆ ಎಳೆದು, ಕಿಲೋ ನೋಡಿಕೊಂಡು ಹಾಗೇ ವಾಪಸ್ ಬಿಡಿ. ಕೈ ಜಾರಬಾರದು. ಕಿಲೋವನ್ನು 2.2ರಿಂದ ಗುಣಿಸಿದರೆ ಪೌಂಡ್ ಬಂತು. 15 ಕಿಲೋ ತೋರಿಸಿದರೆ 33 ಪೌಂಡ್.

ಈಗ ಬಲದ ಲೆಕ್ಕ. ಹೆದೆ ತಡೆಯುವ ಭಾರ ಬಿಲ್ಲಿನ ಪೌಂಡಿಗಿಂತ ಕನಿಷ್ಠ 4 ಪಟ್ಟು ಇರಬೇಕು ಎಂಬುದು ಹೆದೆ ಕಟ್ಟುವವರಲ್ಲಿ ನಡೆದುಬಂದ ಲೆಕ್ಕ. ಯಾಕೆ ಅಷ್ಟು? ಬಾಣ ಬಿಟ್ಟಾಗ ಹೆದೆ ನೇರವಾಗಿ, ಓಡುತ್ತಿರುವ ಎರಡೂ ಲಿಂಬ್‌ಗಳನ್ನು ಒಂದೇ ಏಟಿಗೆ ತಡೆದು ನಿಲ್ಲಿಸುತ್ತದೆ. ಆ ಕ್ಷಣದ ಜಗ್ಗಾಟ ಬೆರಳಿಗೆ ತಾಗುವ ಪೌಂಡಿಗಿಂತ ಬಹಳ ಜಾಸ್ತಿ. 34 ಪೌಂಡಿನ ಬಿಲ್ಲಿಗೆ 34 × 4 = 136. ಬಿ-50 ಡ್ಯಾಕ್ರಾನ್ ದಾರದ ಒಂದು ಎಳೆಯೇ ಸುಮಾರು 50 ಪೌಂಡ್ ತಡೆಯುತ್ತದೆ. ಅಂದರೆ ಮೂರು ಎಳೆಗೇ 150 ಆಯಿತು, ಲೆಕ್ಕ ಮುಗಿಯಿತು!

ಆದರೆ ಮೂರೆಳೆಯ ಹೆದೆಯನ್ನು ಯಾರೂ ಹಾಕುವುದಿಲ್ಲ. ಅದು ರಬ್ಬರಿನಂತೆ ಹಿಗ್ಗುತ್ತದೆ, ಬೆರಳು ಕೊಯ್ಯುತ್ತದೆ, ನಾಕ್ ಅದರ ಮೇಲೆ ನಿಲ್ಲುವುದಿಲ್ಲ. 12 ಎಳೆ ಹಾಕಿದಾಗ 600 ಪೌಂಡ್ ತಡೆಯುವ ಹೆದೆ ಕೈಯಲ್ಲಿರುತ್ತದೆ. ಹರಿಯುವ ಭಯ ಇಲ್ಲಿಗೇ ಬಿಟ್ಟುಬಿಡಿ.

ದಾರ ಯಾವುದು?

ಇದನ್ನು ಬಿಲ್ಲು ಹೇಳುತ್ತದೆ, ನಿಮ್ಮ ಆಸೆ ಅಲ್ಲ. ಬಿದಿರು, ಮರದ ಬಿಲ್ಲು, ಶಾಲೆಗಳಲ್ಲಿ ಸಿಗುವ ಹಳೇ ಫೈಬರ್ ಬಿಲ್ಲು, ಇವಕ್ಕೆಲ್ಲ ಡ್ಯಾಕ್ರಾನ್, ಅಂದರೆ ಪಾಲಿಯೆಸ್ಟರ್. ಬಿ-50, ಬಿ-55 ಎಂಬ ಹೆಸರಲ್ಲಿ ಸಿಗುತ್ತದೆ. ಇದು ಸ್ವಲ್ಪ ಹಿಗ್ಗುತ್ತದೆ. ಆ ಹಿಗ್ಗೇ ಬಿಲ್ಲಿನ ತುದಿಯನ್ನು ಕಾಪಾಡುತ್ತದೆ. ಇಂಡಿಯನ್ ರೌಂಡ್ ಎಂಬ ಬಿದಿರು ಬಿಲ್ಲಿನ ಪಂದ್ಯದಲ್ಲಿ 30 ಮತ್ತು 50 ಮೀಟರ್ ಹೊಡೆಯುವ ಮಕ್ಕಳ ಬಿದಿರಿನ ಬಿಲ್ಲಿಗೆ ಇದು ಬಿಟ್ಟು ಬೇರೆ ಯೋಚನೆಯೇ ಬೇಡ.

ಫಾಸ್ಟ್ ಫ್ಲೈಟ್ ಪ್ಲಸ್, 8125, ಡಿ-97 ಇವು ಡೈನೀಮಾ, ಸ್ಪೆಕ್ಟ್ರಾ ಎಂಬ ಬಲು ಗಟ್ಟಿ ನಾರಿನ ಜಾತಿಯ ದಾರಗಳು. ಹಿಗ್ಗು ಬಹಳ ಕಡಿಮೆ, ತೂಕ ಕಡಿಮೆ, ಬಾಣ ಚುರುಕಾಗಿ ಹೋಗುತ್ತದೆ. ಆದರೆ ಬಿಟ್ಟ ಏಟೆಲ್ಲ ಸೀದಾ ಬಿಲ್ಲಿನ ತುದಿಗೆ ಬೀಳುತ್ತದೆ. ತುದಿ ಗಟ್ಟಿ ಮಾಡಿರದ ಬಿಲ್ಲಾದರೆ ಕುಣಿಕೆ ಕೂರುವ ಜಾಗದಲ್ಲೇ ಸೀಳುತ್ತದೆ. ಬಿಲ್ಲು ಮಾಡಿದವರು ‘ಫಾಸ್ಟ್ ಫ್ಲೈಟ್ ಹಾಕಬಹುದು’ ಎಂದು ಹೇಳಿದ್ದರೆ ಮಾತ್ರ ಹಾಕಿ. ಹೇಳಿಲ್ಲ ಅಂದ್ರೆ ಡ್ಯಾಕ್ರಾನ್.

ಈ ದಾರಗಳನ್ನು ಬಹುಮಟ್ಟಿಗೆ ಆನ್‌ಲೈನ್‌ನಲ್ಲೇ ತರಿಸಬೇಕು. ಬರುವವರೆಗೆ ತಾಳ್ಮೆಯಿಲ್ಲದೆ ಕೆಲವರು ಬಜಾರಿನಲ್ಲಿ ಸಿಕ್ಕ ದಾರಕ್ಕೆ ಕೈ ಹಾಕುತ್ತಾರೆ. ನೈಲಾನ್ ಬೇಡ, ಹೆದೆಯಾಗಿ ಅದು ವಿಪರೀತ ಹಿಗ್ಗುತ್ತದೆ. ಗಾಳಿಪಟದ ಮಾಂಜಾ ಅಂತೂ ಮಾತೇ ಇಲ್ಲ. ಚಪ್ಪಲಿ, ಬ್ಯಾಗ್ ಹೊಲಿಯುವ ಮೇಣದ ಪಾಲಿಯೆಸ್ಟರ್ ದಾರ ಹಗುರ ಬಿಲ್ಲಿಗೆ ಆಗಬಹುದು. ಆದರೆ ಅದರ ಬಲ ಎಷ್ಟು ಅಂತ ಉಂಡೆ ಮೇಲೆ ಬರೆದಿರುವುದಿಲ್ಲ. ನೀವೇ ನೋಡಬೇಕು.

ನೋಡೋದು ಹೀಗೆ. ಒಂದು ಮೀಟರ್ ದಾರ ಕತ್ತರಿಸಿ. ಒಂದು ತುದಿಯನ್ನು ನುಣುಪಾದ ಕಬ್ಬಿಣದ ಪೈಪಿಗೆ ಐದಾರು ಸುತ್ತು ಸುತ್ತಿ ಕೊನೆಗೆ ಕಟ್ಟಿ. ಬರೀ ಗಂಟು ಹಾಕಿದರೆ ದಾರ ಗಂಟಿನಲ್ಲೇ ಕಡಿದು, ಬಲ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಇನ್ನೊಂದು ತುದಿಯನ್ನು ಬಕೆಟ್ ಹಿಡಿಕೆಗೆ ಹಾಗೇ ಸುತ್ತಿ. ಬಕೆಟ್ ನೆಲದಿಂದ ನಾಲ್ಕು ಬೆರಳು ಮೇಲಿದ್ದರೆ ಸಾಕು. ಜಾಸ್ತಿ ಎತ್ತರ ಇದ್ದರೆ ಬಕೆಟ್ ಹೋಗುತ್ತದೆ. ಈಗ ಲೀಟರ್ ಅಳತೆಯಲ್ಲಿ ನಿಧಾನಕ್ಕೆ ನೀರು ಸುರಿಯಿರಿ. ಒಂದು ಲೀಟರ್ ಒಂದು ಕಿಲೋ. ಬಕೆಟ್ ಒಂದು ಕಿಲೋ ಇದ್ದು, 9 ಲೀಟರಿಗೆ ದಾರ ಹರಿಯಿತು ಅನ್ನಿ. ಒಟ್ಟು 10 ಕಿಲೋ, 22 ಪೌಂಡ್. ಮೂರು ತುಂಡು ಹೀಗೆ ನೋಡಿ, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿಯಿರಿ. ಹೆಸರಿಲ್ಲದ ದಾರಕ್ಕೆ 4 ಪಟ್ಟು ಸಾಲದು, ನಾನು 6 ಪಟ್ಟು ಇಡುತ್ತೇನೆ. 25 ಪೌಂಡಿನ ಬಿಲ್ಲಿಗೆ 150. ಅದನ್ನು 22ರಿಂದ ಭಾಗಿಸಿದರೆ 6.8, ಅಂದರೆ 7; ಸಮ ಸಂಖ್ಯೆಗೆ ಏರಿಸಿದರೆ 8 ಎಳೆ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಮೇಲೆ ಎಷ್ಟು ಹೋಗಬೇಕು ಎಂದು ನಾಕ್ ಹೇಳುತ್ತದೆ.

ಶುರು ಮಾಡುವ ಸಂಖ್ಯೆ

ಬಿ-50 ಡ್ಯಾಕ್ರಾನಿಗೆ ರೂಢಿಯಲ್ಲಿರುವ ಲೆಕ್ಕ ಇದು:

20–30 ಪೌಂಡ್: 8 ಎಳೆ
25–35 ಪೌಂಡ್: 10 ಎಳೆ
35–45 ಪೌಂಡ್: 12 ಎಳೆ
45–55 ಪೌಂಡ್: 14 ಎಳೆ
55ರ ಮೇಲೆ: 16 ಎಳೆ

ಸಾಲುಗಳು ಒಂದರ ಮೇಲೊಂದು ಹಾಯುವುದನ್ನು ಗಮನಿಸಿ. ಇದು ಶಾಸನ ಅಲ್ಲ. 28 ಪೌಂಡಿಗೆ ಎಂಟೂ ಆದೀತು, ಹತ್ತೂ ಆದೀತು. ಹೊಸಬರಿಗೆ ನಾನು ಜಾಸ್ತಿ ಇರುವ ಕಡೆಯೇ ಹೇಳುತ್ತೇನೆ. ಎಂಟೆಳೆಯ ಹೆದೆ ಮಕ್ಕಳ ಬೆರಳಿಗೆ ಒತ್ತುತ್ತದೆ, ಅದರ ಮೇಲೆ ಮಾಮೂಲಿ ನಾಕ್ ಲೊಡಲೊಡ ಅನ್ನುತ್ತದೆ.

ಡೈನೀಮಾ ಜಾತಿಯ ದಾರದಲ್ಲಿ ಒಂದೊಂದು ಎಳೆ ಇನ್ನೂ ಗಟ್ಟಿ, ಆದರೆ ಸಣ್ಣ. ಅದಕ್ಕೇ ಎಳೆ ಜಾಸ್ತಿ ಬೇಕಾಗುತ್ತದೆ. ಬಲಕ್ಕಾಗಿ ಅಲ್ಲ, ದಪ್ಪಕ್ಕಾಗಿ. 8125, ಫಾಸ್ಟ್ ಫ್ಲೈಟ್ ಪ್ಲಸ್‌ಗೆ 16 ಅಥವಾ 18ರಿಂದ ಶುರು ಮಾಡಿ. ಡಿ-97 ಸ್ವಲ್ಪ ದಪ್ಪ, ಅದಕ್ಕೆ 14 ಅಥವಾ 16.

ಕಾಂಪೌಂಡ್ (ತುದಿಯಲ್ಲಿ ಗಾಲಿಯಿರುವ) ಬಿಲ್ಲು ಇದ್ದವರು ಈ ಲೇಖನ ನಂಬಿ ಹೊರಡಬೇಡಿ. ಅದರ ಹೆದೆ, ಕೇಬಲ್ ಎಲ್ಲ ತಯಾರಕರು ಕೊಟ್ಟ ಅಳತೆಯಲ್ಲೇ ಇರಬೇಕು. ಅದನ್ನು ಬಿಚ್ಚಲು ಬಿಲ್ಲನ್ನು ಒತ್ತಿ ಹಿಡಿಯುವ ಪ್ರೆಸ್ ಬೇಕು.

ಇನ್ನೊಂದು ಸಣ್ಣ ವಿಷಯ. ಕೊನೆಯಿಲ್ಲದ ಸುತ್ತಿನ ಹೆದೆಯಲ್ಲಿ, ಅಂದರೆ ಎರಡು ಗೂಟಗಳ ಸುತ್ತ ಒಂದೇ ದಾರ ಸುತ್ತಿ ಮಾಡುವ ಹೆದೆಯಲ್ಲಿ, ಒಂದು ಸುತ್ತಿಗೆ ಎರಡು ಎಳೆ ಬರುತ್ತದೆ. ಆದ್ದರಿಂದ ಸಂಖ್ಯೆ ಯಾವಾಗಲೂ ಸಮ. ಹೊಸೆದು ಮಾಡುವ ಫ್ಲೆಮಿಶ್ ಹೆದೆಯಲ್ಲಿ ಎಳೆಗಳನ್ನು ಎರಡು ಅಥವಾ ಮೂರು ಕಟ್ಟಾಗಿ ಹಂಚಿ ಹೊಸೆಯುತ್ತಾರೆ. ಮೂರು ಕಟ್ಟಿನದಾದರೆ 12, 15, 18 ಹೀಗೆ ಮೂರರಿಂದ ಭಾಗವಾಗುವ ಸಂಖ್ಯೆ ತೆಗೆದುಕೊಳ್ಳಿ.

ಪೂರ್ತಿ ಹೆದೆಗೆ ಮೊದಲು ಒಂದು ತುಂಡು

66 ಇಂಚಿನ ರಿಕರ್ವ್ ಬಿಲ್ಲಿಗೆ ಹೆದೆ ಸುಮಾರು 63 ಇಂಚು. ಅದರ 12 ಎಳೆಗೆ 19 ಮೀಟರಿಗಿಂತ ಜಾಸ್ತಿ ದಾರ ಹೋಗುತ್ತದೆ. ಸುತ್ತಿ, ಕುಣಿಕೆ ಕಟ್ಟಿ, ನಡುವಿಗೆ ಸರ್ವಿಂಗ್ (ಎಳೆಗಳ ಕಟ್ಟಿನ ಮೇಲೆ ಸುತ್ತುವ ಕಾವಲು ದಾರ) ಸುತ್ತಿದ ಮೇಲೆ ನಾಕ್ ಕೂರಲಿಲ್ಲ ಅಂದ್ರೆ ಅರ್ಧ ದಿನ ಹೋಯಿತು. ಅದಕ್ಕೆ ಮೊದಲೇ ತುಂಡಿನಲ್ಲಿ ನೋಡಿಕೊಳ್ಳಿ.

ಒಂದು ಹಲಗೆಗೆ ಗೇಣಿನಷ್ಟು ಅಂತರದಲ್ಲಿ ಎರಡು ದಪ್ಪ ಮೊಳೆ ಹೊಡೆಯಿರಿ. ಜಾಲಿ ಹಲಗೆ ಸಾಕು, ಮೊಳೆ ಅಲುಗಾಡಬಾರದು ಅಷ್ಟೆ. ಅವುಗಳ ಸುತ್ತ ಬಿಗಿಯಾಗಿ 10 ಎಳೆ ಬರುವಂತೆ ದಾರ ಸುತ್ತಿ. ಜೇನುಮೇಣ ಹಚ್ಚಿ, ಎಳೆಗಳನ್ನು ಬೆರಳಲ್ಲಿ ಒತ್ತಿ ಒಂದಾಗಿಸಿ. ನಡುವೆ ಎರಡು ಬೆರಳಗಲ ಸರ್ವಿಂಗ್ ದಾರವನ್ನು ಒತ್ತೊತ್ತಾಗಿ ಸುತ್ತಿ. ಈಗ ನಿಮ್ಮ ಬಾಣದ ನಾಕ್ ಅದರ ಮೇಲೆ ಕೂರಿಸಿ. ಟಕ್ ಎಂದು ಸಣ್ಣ ಸದ್ದು ಬಂದು ಕೂರಬೇಕು. ಕೂತ ಮೇಲೆ ಅಡ್ಡಕ್ಕೆ ತಳ್ಳಿದರೆ ಸಲೀಸಾಗಿ ಜಾರಬೇಕು. ಸದ್ದೇ ಬರದಿದ್ದರೆ ಸಡಿಲ. ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಬೇಕಾದರೆ ಬಿಗಿ. ಹಾಗೇ 12ರದೂ ಒಂದು ತುಂಡು ಮಾಡಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಬಿಲ್ಲಿಗೆ ಯಾವುದು ಎಂದು ಕೈಯೇ ಹೇಳುತ್ತದೆ.

ನಾಕ್‌ಗಳಲ್ಲೂ ಒಂದೇ ಅಳತೆ ಇಲ್ಲ ಎಂಬುದು ನೆನಪಿರಲಿ. ಈಸ್ಟನ್ ಜಿ ನಾಕ್ ತೆಗೆದುಕೊಂಡರೆ, ಸಣ್ಣ ಬಾಯಿಯದು 0.088 ಇಂಚು, ಅಂದರೆ 2.2 ಮಿಲಿಮೀಟರ್ ಆಸುಪಾಸು. ದೊಡ್ಡ ಬಾಯಿಯದು 0.098 ಇಂಚು, ಸುಮಾರು 2.5 ಮಿಲಿಮೀಟರ್. ಗೆಳೆಯನ ಹೆದೆ ಅವನ ನಾಕ್‌ಗೆ ಸರಿ ಇದೆ ಎಂದು ಅದೇ ಸಂಖ್ಯೆ ಎತ್ತಿಕೊಂಡರೆ ನಿಮ್ಮದಕ್ಕೆ ಆಗದೇ ಹೋಗಬಹುದು. ವರ್ನಿಯರ್ ಇದ್ದರೆ ಅಳೆಯಿರಿ. ಇಲ್ಲದಿದ್ದರೆ ಯಾವ ಲೇತ್ ಅಂಗಡಿಗೆ ಹೋದರೂ ಇರುತ್ತದೆ, ಕೇಳಿದರೆ ಇಲ್ಲ ಅನ್ನುವುದಿಲ್ಲ.

ಎಳೆ ಬದಲಿಸುವುದೋ, ಸರ್ವಿಂಗ್ ಬದಲಿಸುವುದೋ?

ಇಲ್ಲೇ ಬಹಳ ಜನ ಎಡವುತ್ತಾರೆ. ನಾಕ್ ಸಡಿಲ ಕಂಡ ಕೂಡಲೇ ಎಳೆ ಏರಿಸುತ್ತಾರೆ, ಬಿಗಿ ಕಂಡರೆ ಇಳಿಸುತ್ತಾರೆ. ಆದರೆ ದಪ್ಪ ಎಳೆಯ ಸಂಖ್ಯೆಯಂತೆ ನೇರವಾಗಿ ಏರುವುದಿಲ್ಲ, ಅದರ ವರ್ಗಮೂಲದಂತೆ ಏರುತ್ತದೆ. 12ರಿಂದ 14ಕ್ಕೆ ಹೋದರೆ ಎಳೆ ಆರರಲ್ಲಿ ಒಂದು ಪಾಲು ಜಾಸ್ತಿಯಾಯಿತು. ದಪ್ಪ ಮಾತ್ರ ನೂರಕ್ಕೆ 8ರಷ್ಟೇ ಏರಿತು.

ಡ್ಯಾಕ್ರಾನಿನ 12 ಎಳೆಯ ಕಟ್ಟು ಸುಮಾರು ಒಂದೂವರೆ ಮಿಲಿಮೀಟರ್ ಬರುತ್ತದೆ ಅನ್ನಿ. ಸರ್ವಿಂಗ್ ದಾರ 0.018 ಇಂಚಿನದು, ಅಂದರೆ 0.46 ಮಿಲಿಮೀಟರ್. ಅದು ಎರಡೂ ಬದಿಗೆ ಸೇರುವುದರಿಂದ ಒಟ್ಟು 2.4. ಅದೇ 10 ಎಳೆಗೆ ಕಟ್ಟು 1.37ಕ್ಕೆ ಇಳಿಯುತ್ತದೆ. ಆದರೆ ಮೇಲೆ 0.021 ಇಂಚಿನ ಸರ್ವಿಂಗ್ ಸುತ್ತಿದರೆ ಮತ್ತೆ 2.4 ದಾಟುತ್ತದೆ. ನೋಡಿದಿರಲ್ಲ? ಎರಡು ಎಳೆಯ ವ್ಯತ್ಯಾಸವನ್ನು ಸರ್ವಿಂಗ್ ದಾರ ಒಂದೇ ಮೆಟ್ಟಿಲಲ್ಲಿ ಮುಚ್ಚಿತು. ಮೇಣ, ಬಿಗಿ, ತಿರುವು ಸೇರಿ ನಿಮ್ಮ ಕೈಯಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಲೆಕ್ಕದ ದಾರಿ ಮಾತ್ರ ಇದೇ.

ಸರ್ವಿಂಗ್ ದಾರ 0.014, 0.018, 0.021 ಇಂಚು ಹೀಗೆ ಸಿಗುತ್ತದೆ. ಎರಡು ಬಗೆ ಮನೆಯಲ್ಲಿದ್ದರೆ ಬಹುತೇಕ ಎಲ್ಲ ಸಂದರ್ಭ ನಿಭಾಯಿಸಬಹುದು. ನನ್ನ ಪದ್ಧತಿ ಇದು: ಎಳೆಯ ಸಂಖ್ಯೆಯನ್ನು ಬಿಲ್ಲು, ಬೆರಳು, ಬಿಸಿಲು ನೋಡಿ ಇಡುತ್ತೇನೆ. ನಾಕ್‌ನ ಕೊನೆಯ ಕೂದಲೆಳೆಯಷ್ಟು ವ್ಯತ್ಯಾಸವನ್ನು ಸರ್ವಿಂಗ್‌ಗೆ ಬಿಡುತ್ತೇನೆ. ಅದರಿಂದಲೂ ಸರಿಹೋಗದಿದ್ದರೆ ಮಾತ್ರ ಎಳೆ ಮುಟ್ಟುತ್ತೇನೆ.

ಎಳೆ ಜಾಸ್ತಿ ಆದರೆ ಏನಾಗುತ್ತದೆ? ಹೆದೆ ಭಾರವಾಗುತ್ತದೆ, ಬಾಣ ಸ್ವಲ್ಪ ನಿಧಾನ. ಬದಲಿಗೆ ಹಿಗ್ಗು ಕಡಿಮೆ, ಬಿಟ್ಟಾಗ ಸದ್ದು ಕಡಿಮೆ, ಬೆರಳಿಗೆ ಹಿತ, ಬಾಳಿಕೆ ಜಾಸ್ತಿ. 18 ಅಥವಾ 30 ಮೀಟರ್ ಹೊಡೆಯುವವರಿಗೆ ಈ ನಿಧಾನ ಲೆಕ್ಕಕ್ಕೇ ಇಲ್ಲ. 70 ಮೀಟರಿಗೆ ಹಗುರ ಬಿಲ್ಲಲ್ಲಿ ಹೊಡೆಯುವವರು ಮಾತ್ರ ಎರಡು ಎಳೆ ಇಳಿಸುವ ಬಗ್ಗೆ ಯೋಚಿಸಬಹುದು. ಅದಕ್ಕೂ ಮೊದಲು ಹೆದೆಯ ನಡುವನ್ನು ನೋಡಿ. ಬಿಲ್ಲಿನ ತುದಿಯ ಹತ್ತಿರ ಹೆದೆ ಅಷ್ಟಾಗಿ ಓಡುವುದಿಲ್ಲ. ನಡುಭಾಗ ಬಾಣದಷ್ಟೇ ಓಡುತ್ತದೆ. ಗೇಣುದ್ದ ಸುತ್ತಿದ ದಪ್ಪ ಸರ್ವಿಂಗ್, ನಾಕ್ ಕೂರುವ ಜಾಗ ಗುರುತಿಸುವ ಹಿತ್ತಾಳೆಯ ಎರಡೆರಡು ನಾಕಿಂಗ್ ಪಾಯಿಂಟ್, ಇವೆಲ್ಲ ಅಲ್ಲೇ ಕೂತಿರುತ್ತವೆ. ಅವನ್ನು ಕಡಿಮೆ ಮಾಡಿದರೆ ಎಳೆ ತೆಗೆದದ್ದಕ್ಕಿಂತ ಜಾಸ್ತಿ ಲಾಭ.

ಎಳೆ ಬದಲಾದರೆ ಬಾಣದ ನಡತೆಯೂ ಬದಲಾಗುತ್ತದೆ. ಹಗುರ ಹೆದೆಯಲ್ಲಿ ಬಾಣ ಮೆದುವಾದಂತೆ, ಭಾರದ ಹೆದೆಯಲ್ಲಿ ಬಿರುಸಾದಂತೆ ನಡೆದುಕೊಳ್ಳುತ್ತದೆ. ಪಂದ್ಯದ ಹಿಂದಿನ ವಾರ ಈ ಪ್ರಯೋಗ ಬೇಡ.

ಸುತ್ತುವಾಗ

ಸಂಖ್ಯೆ ಸರಿ ಇದ್ದು ಬಿಗಿ ಸಮ ಇಲ್ಲದಿದ್ದರೆ ಏನು ಪ್ರಯೋಜನ? 12ರಲ್ಲಿ ನಾಲ್ಕು ಎಳೆ ಸಡಿಲ ಇದ್ದರೆ ನಿಮ್ಮದು ಎಂಟೆಳೆಯ ಹೆದೆಯೇ. ಜೋಡೆತ್ತು ಹೂಡಿ ಒಂದೇ ಎತ್ತು ಎಳೆದ ಹಾಗೆ. ಆದ್ದರಿಂದ ಪ್ರತಿ ಸುತ್ತಿಗೂ ಕೈಯ ಬಿಗಿ ಒಂದೇ ಇರಲಿ. ಸುತ್ತು ಮುಗಿದ ಮೇಲೆ ಎಳೆಗಳ ಮೇಲೆ ಬೆರಳಾಡಿಸಿ. ಒಂದು ಎಳೆ ಜೋತರೂ ಬಿಚ್ಚಿ ಮತ್ತೆ ಸುತ್ತಿ.

ಸುತ್ತುವಾಗ ಬಾಯಲ್ಲಿ ಎಣಿಸಿಕೊಳ್ಳಿ, ಮೊಬೈಲ್ ಪಕ್ಕಕ್ಕಿಡಿ. ಒಂದೇ ಸುತ್ತು ತಪ್ಪಿದರೆ ಎರಡು ಎಳೆ ತಪ್ಪುತ್ತದೆ. ಮುಗಿದ ಮೇಲೆ ಕಟ್ಟನ್ನು ಅಡ್ಡಕ್ಕೆ ಅಗಲಿಸಿ ಇನ್ನೊಮ್ಮೆ ಎಣಿಸಿ. ದಾರ ನೆಲಕ್ಕೆ ತಾಗದಿರಲಿ. ಶಹಾಬಾದಿ ಕಲ್ಲಿನ ನೆಲ ಎಷ್ಟು ಒರೆಸಿದರೂ ಮೇಣಕ್ಕೆ ಮರಳು ಅಂಟುತ್ತದೆ.

ಬಿಲ್ಲಿಗೆ ಏರಿಸುವ ಮೊದಲು 66 ಇಂಚಿನ ಬಿಲ್ಲಿನ ಹೆದೆಗೆ 20ರಿಂದ 30 ತಿರುವು ಕೊಡಿ. ತಿರುವು ಏರಿಸಿದಂತೆ ಹೆದೆ ಗಿಡ್ಡ ಆಗುತ್ತದೆ, ಬಿಲ್ಲಿನ ಹಿಡಿಗೂ ಹೆದೆಗೂ ನಡುವಿನ ಅಂತರ ಜಾಸ್ತಿ ಆಗುತ್ತದೆ. ಈ ಬಿಲ್ಲಿಗೆ ಆ ಅಂತರ ಸಾಮಾನ್ಯವಾಗಿ 8ರಿಂದ 9 ಇಂಚಿನ ನಡುವೆ ಇರುತ್ತದೆ. ನಿಮ್ಮ ಬಿಲ್ಲಿನವರು ಹೇಳಿದ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಕಡಿಮೆ ಎಳೆಯ ಡೈನೀಮಾ ಹೆದೆ ಹಾಕುವವರು ಕುಣಿಕೆಯ ಜಾಗದಲ್ಲಿ ಮಾತ್ರ ಒಂದಷ್ಟು ತುಂಡು ಎಳೆ ಸೇರಿಸಿ ದಪ್ಪ ಮಾಡುತ್ತಾರೆ. ಫ್ಲೆಮಿಶ್ ಹೆದೆಯಲ್ಲಿ ಇದು ಸುಲಭ. ಸಣ್ಣ ಕುಣಿಕೆ ಬಿಲ್ಲಿನ ತುದಿಯನ್ನು ಕೊರೆಯದಂತೆ ಇದು ತಡೆಯುತ್ತದೆ.

ನಾಕ್ ಪರೀಕ್ಷೆ, ಬಿಲ್ಲಿನ ಮೇಲೆ

ಹೆದೆ ಏರಿಸಿ, ಬಿಲ್ಲನ್ನು ಅಡ್ಡ ಹಿಡಿದು, ಬಾಣದ ನಾಕ್ ಹೆದೆಗೆ ಸಿಕ್ಕಿಸಿ ಬಾಣವನ್ನು ಕೆಳಮುಖವಾಗಿ ತೂಗಲು ಬಿಡಿ. ತನ್ನ ತೂಕಕ್ಕೆ ತಾನೇ ಬೀಳಬಾರದು. ನಾಕ್‌ನಿಂದ ಎರಡು ಮೂರು ಇಂಚು ದೂರದಲ್ಲಿ ಹೆದೆಗೆ ಬೆರಳಲ್ಲಿ ಟಪ್ ಎಂದು ಹೊಡೆಯಿರಿ. ಈಗ ಬೀಳಬೇಕು. ತಾನೇ ಬಿದ್ದರೆ ಅಪಾಯ. ಎಳೆದು ಹಿಡಿದಾಗ ನಾಕ್ ಕಳಚಿ, ನೀವು ಬರೀ ಹೆದೆ ಬಿಟ್ಟಂತಾಗುತ್ತದೆ, ಲಿಂಬ್ ಸೀಳಬಹುದು. ಹೊಡೆದರೂ ಬೀಳದಿದ್ದರೆ ಬಾಣ ಹೆದೆ ಬಿಟ್ಟು ಹೋಗುವಾಗ ಪ್ರತಿ ಸಲ ಒಂದೊಂದು ರೀತಿ ಹೋಗುತ್ತದೆ.

ಬತ್ತಳಿಕೆಯ ಎಲ್ಲ ಬಾಣಗಳನ್ನೂ ಹೀಗೆ ನೋಡಿ. ಹಳೇ ನಾಕ್ ಬಾಯಿ ಸವೆದಿರುತ್ತದೆ. ಹೊಸ ಸರ್ವಿಂಗ್ ಕೂಡ ಹೊಡೆಯುತ್ತಾ ಹೋದಂತೆ ಒತ್ತಿಕೊಂಡು ಸ್ವಲ್ಪ ಸಣ್ಣಗಾಗುತ್ತದೆ. ಆದ್ದರಿಂದ ಮೊದಲ ದಿನ ತುಸು ಬಿಗಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹೊಡೆದ ಮೇಲೆ ಮತ್ತೆ ನೋಡಿ ತೀರ್ಮಾನ ಮಾಡಿ.

ನಮ್ಮ ಬಿಸಿಲಿಗೆ ಎರಡು ಎಳೆ

ಹೊರಗಿನ ಪಟ್ಟಿಗಳಲ್ಲಿ ಇದು ಸಿಗುವುದಿಲ್ಲ. ಕಲಬುರಗಿ, ಯಾದಗಿರಿಯಲ್ಲಿ ಮೇ ತಿಂಗಳು 42, 43 ಡಿಗ್ರಿ ಅಂದ್ರೆ ಹೊಸದೇನಲ್ಲ. ಬೀದರ್ ಎತ್ತರದ ಊರು, ಸ್ವಲ್ಪ ತಂಪು. ಬಿಸಿಗೆ ಹೆದೆ ಉದ್ದವಾಗುತ್ತದೆ. ಡ್ಯಾಕ್ರಾನ್ ಹಿಗ್ಗಿದರೆ ಬಹುಪಾಲು ವಾಪಸ್ ಬರುತ್ತದೆ. ಡೈನೀಮಾ ನಿಧಾನಕ್ಕೆ ಜಾರಿದಂತೆ ಉದ್ದವಾಗಿ ಅಲ್ಲೇ ಉಳಿಯುತ್ತದೆ, ಬಿಸಿ ಏರಿದಷ್ಟೂ ಬೇಗ. ಎಳೆ ಜಾಸ್ತಿ ಇದ್ದರೆ ಒಂದೊಂದರ ಮೇಲೆ ಬೀಳುವ ಭಾರ ಕಡಿಮೆ, ಹಿಗ್ಗುವುದೂ ಜಾರುವುದೂ ಕಡಿಮೆ. ಅದಕ್ಕೇ ಎರಡು ಸಂಖ್ಯೆಯ ನಡುವೆ ಸಿಕ್ಕಿಕೊಂಡರೆ ಇಲ್ಲಿನವರು ದೊಡ್ಡದನ್ನೇ ಹಿಡಿಯಿರಿ ಎಂಬುದು ನನ್ನ ಮಾತು. ಬೇಸಿಗೆಯಲ್ಲಿ ಬೆಳಗ್ಗೆ ಒಮ್ಮೆ, ಬಿಸಿಲೇರಿದ ಮೇಲೆ ಒಮ್ಮೆ ಹಿಡಿ-ಹೆದೆ ಅಂತರ ಅಳೆಯಿರಿ. ಕಾಲಿಂಚು ಇಳಿದಿದ್ದರೆ ನಾಲ್ಕೈದು ತಿರುವು ಕೊಡಿ.

ಹೆದೆ ಏರಿಸಿದ ಬಿಲ್ಲನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಲೇಬೇಡಿ. ಜೇನುಮೇಣ 62 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಬಿಸಿಲಲ್ಲಿ ಗಾಜು ಮುಚ್ಚಿದ ಕಾರಿನ ಒಳಗೆ ಅಷ್ಟು ಬಿಸಿ ಆಗುವುದು ಏನೂ ಕಷ್ಟವಲ್ಲ.

ಇನ್ನು ಧೂಳು. ಎರೆಮಣ್ಣಿನ ಮೈದಾನ, ಅದರ ಮೇಲೆ ತೊಗರಿ ರಾಶಿ ದಿನಗಳಲ್ಲಿ ಗಾಳಿಯಲ್ಲೆಲ್ಲ ಹೊಟ್ಟು. ಮೇಣ ಜಾಸ್ತಿ ಬಳಿದರೆ ಎಲ್ಲ ಅಂಟಿಕೊಂಡು ಒಳಗಿಂದಲೇ ಎಳೆ ಉಜ್ಜುತ್ತದೆ. ತೆಳ್ಳಗೆ ಹಚ್ಚಿ, ಚರ್ಮದ ತುಂಡಿನಿಂದ ಬೆಚ್ಚಗಾಗುವವರೆಗೆ ತಿಕ್ಕಿ, ಮೇಲುಳಿದದ್ದನ್ನು ಹತ್ತಿ ಬಟ್ಟೆಯಲ್ಲಿ ಒರೆಸಿಬಿಡಿ.

ಒಂದು ಎಳೆ ಕಡಿದರೂ ಆ ಹೆದೆಯನ್ನು ಬಿಲ್ಲಿನಿಂದ ಇಳಿಸಿ. ಉಳಿದ ಹನ್ನೊಂದು ಇವೆಯಲ್ಲ ಎನ್ನಬೇಡಿ. ಕೊನೆಯಿಲ್ಲದ ಸುತ್ತಿನಲ್ಲಿ ಎಲ್ಲವೂ ಒಂದೇ ದಾರ. ಒಂದು ಕಡೆ ಕಡಿದರೆ ಅದರ ಸಡಿಲ ಉಳಿದ ಎಳೆಗಳಿಗೂ ಹೋಗುತ್ತದೆ. ಹೀಗಾದಾಗ ಕೈಗೆ ಸಿಗುವಂತೆ ಅದೇ ದಾರ, ಅದೇ ಸಂಖ್ಯೆ, ಅದೇ ಸರ್ವಿಂಗ್‌ನ ಇನ್ನೊಂದು ಹೆದೆ ಕಟ್ಟಿ, ಅದರಲ್ಲೂ ಒಂದಷ್ಟು ಬಾಣ ಹೊಡೆದು ಪಳಗಿಸಿ ಇಟ್ಟುಕೊಳ್ಳಿ. ಪೊಟ್ಟಣದ ಮೇಲೆ ದಾರದ ಹೆಸರು, ಎಳೆ, ಸರ್ವಿಂಗ್ ಅಳತೆ, ತಿರುವು, ಹಿಡಿ-ಹೆದೆ ಅಂತರ ಇಷ್ಟನ್ನು ಪೆನ್ನಲ್ಲಿ ಬರೆದಿಡಿ.